ಬೊಟ್ಟಿನಾಚೆ ಎರಡು ಮೊಳೆ

ನಮ್ಮ ಊರಿನಲ್ಲಿ ಸೋಮವಾರ ಕಿಲೋ, ಮಂಗಳವಾರ ಹೆಕ್ಟೋ, ಬುಧವಾರ ಡೆಕಾ. ಗುರುವಾರ ಹಿಂದೆ ಮುಂದೆ ಏನೂ ಇಲ್ಲ, ಬರೀ ಮೀಟರು, ಬರೀ ಗ್ರಾಮು, ಬರೀ ಲೀಟರು. ಅದಕ್ಕೇ ಆ ದಿನವನ್ನು ನಾವು ಬರಿವಾರ ಅನ್ನುತ್ತೇವೆ. ಶುಕ್ರವಾರ ಡೆಸಿ, ಶನಿವಾರ ಸೆಂಟಿ, ಭಾನುವಾರ ಮಿಲಿ. ಆಯಾ ದಿನದ ಅಳತೆ ಬಿಟ್ಟು ಬೇರೆ ದಿನದ್ದನ್ನು ಆಡಲು ಹೋದರೆ ತುಟಿ ಅಲುಗುತ್ತದೆ, ಸದ್ದು ಹೊರಡುವುದಿಲ್ಲ. ಅಷ್ಟೇ. ಇದರಿಂದ ಯಾರಿಗೂ ಏನೂ ಆಗಿಲ್ಲ. ಟೈಲರು ಶನಿವಾರ ಮಾತ್ರ ಅಳತೆ ತೆಗೆದುಕೊಳ್ಳುತ್ತಾನೆ, ಅವತ್ತು ಅವನ ಅಂಗಡಿ ಮುಂದೆ ಅರ್ಧ ಊರು ಕೈ ಚಾಚಿಕೊಂಡು ನಿಂತಿರುತ್ತದೆ. ಬಸ್ ನಿಲ್ದಾಣ ಹದಿನೆಂಟು ಲಕ್ಷ ಮಿಲಿಮೀಟರ್ ದೂರ ಅಂತ ಕೇಳಿದ ಮೇಲೆ ಭಾನುವಾರ ಯಾರಿಗೂ ಪ್ರಯಾಣ ಮಾಡುವ ಮನಸ್ಸಾಗುವುದಿಲ್ಲ, ಮನೆಯಲ್ಲೇ ಕಾಲು ಚಾಚಿ ಮಲಗುತ್ತಾರೆ. ಭಾನುವಾರ ಮಗು ಹುಟ್ಟಿದರೆ ಮಾತ್ರ ಅಜ್ಜಿಯಂದಿರಿಗೆ ಹಿಗ್ಗೋ ಹಿಗ್ಗು. ಮೂವತ್ತು ಲಕ್ಷ ಮಿಲಿಗ್ರಾಮಿನ ಮೊಮ್ಮಗ ಅಂತ ಬೀದಿ ಪೂರಾ ಹೇಳಿಕೊಂಡು ಬರುತ್ತಾರೆ.

ತಕ್ಕಡಿಯ ಮುಳ್ಳು, ಟೇಪಿನ ಗೀಟು, ಹಾಲಿನ ಅಳತೆ ಪಾತ್ರೆ ಎಲ್ಲವೂ ಬೆಳಕು ಹರಿಯುವಷ್ಟರಲ್ಲಿ ತಾವಾಗಿಯೇ ಬದಲಾಗಿರುತ್ತವೆ. ಬೋರ್ಡುಗಳು ಮಾತ್ರ ಬದಲಾಗುವುದಿಲ್ಲ. ಅದಕ್ಕೆ ನಾನಿದ್ದೇನೆ. ಊರಿನಲ್ಲಿ ನೂರ ಹನ್ನೆರಡು ಬೋರ್ಡುಗಳಿವೆ: ದಾರಿ ತೋರಿಸುವವು, ಅಂಗಡಿಯವು, ನೀರಿನ ಟ್ಯಾಂಕಿನದು, ಆಸ್ಪತ್ರೆಯದು. ಪ್ರತಿಯೊಂದರಲ್ಲೂ ಏಳು ಮೊಳೆ. ಅಂಕೆಗಳು ಬಣ್ಣದಲ್ಲಿ ಬರೆದವು, ಅವು ಕದಲುವುದಿಲ್ಲ. ಮೊಳೆಗೆ ನೇತುಹಾಕಿದ ಕೆಂಪು ತಗಡಿನ ಬೊಟ್ಟು, ಅಂದರೆ ದಶಮಾಂಶದ ಚುಕ್ಕೆ, ಕದಲುತ್ತದೆ. ದಿನಾ ಅದನ್ನು ಒಂದು ಮೊಳೆ ಬಲಕ್ಕೆ ಸರಿಸಿ, ಕೆಳಗಿರುವ, ಏಳು ದಿನದ ಅಳತೆಯ ಹೆಸರು ಬರೆದ ಏಳು ಮುಖದ ಮರದ ಉರುಳೆಯನ್ನು ಒಂದು ಸಲ ತಿರುಗಿಸಿದರೆ ಆಯಿತು. ಆದರೆ ಭಾನುವಾರದಿಂದ ಸೋಮವಾರಕ್ಕೆ ಬರುವಾಗ ಬೊಟ್ಟು ಒಟ್ಟಿಗೇ ಆರು ಮೊಳೆ ಹಿಂದಕ್ಕೆ ಹೋಗಬೇಕು. ಉದ್ದದ ಬೋರ್ಡುಗಳಲ್ಲಿ ಸ್ಟೂಲನ್ನು ಈ ತುದಿಯಿಂದ ಆ ತುದಿಗೆ ಎಳೆಯಬೇಕು, ಇಳಿಯಬೇಕು, ಹತ್ತಬೇಕು. ನೂರ ಹನ್ನೆರಡು ಸಲ. ಊರಿಗೆ ಸೋಮವಾರ ಹಗುರ, ನನಗೆ ಸೊಂಟನೋವು. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಜನ ನನ್ನನ್ನು ಬೊಟ್ಟಿನ ಚೆನ್ನಾಜಿ ಅನ್ನುತ್ತಾರೆ.

ನನ್ನ ಮಗಳು ಶಿವಲೀಲೆಗೂ ಹನ್ನೊಂದು ವರ್ಷ. ಅವಳಪ್ಪ ಲಾರಿ ಹತ್ತಿದರೆ ಹದಿನೈದು ದಿನ ಮನೆಯ ಕಡೆ ಬರುವುದಿಲ್ಲ, ಹಾಗಾಗಿ ಅವಳ ಊಟ, ಜಡೆ, ಹೋಮ್‌ವರ್ಕ್, ಜ್ವರ, ಕೋಪ ಎಲ್ಲಾ ನನ್ನ ಪಾಲಿಗೆ. ನಾನು ಬೋರ್ಡು ಮುಗಿಸಿ ಮನೆಗೆ ಬರುವ ಹೊತ್ತಿಗೆ ಅವಳು ಹಿತ್ತಿಲಲ್ಲಿ ಹಾರುತ್ತಿರುತ್ತಾಳೆ. ಪಕ್ಕದ ಮನೆ ಕಟ್ಟಲು ತಂದ ಮರಳು ಅಲ್ಲಿ ರಾಶಿ ಬಿದ್ದಿತ್ತು. ಮನೆ ಮಾತ್ರ ಏಳಲಿಲ್ಲ. ಮರಳು ನನ್ನ ಮಗಳಿಗಾಯಿತು. ಒಲೆಗೆ ಪಾತ್ರೆ ಇಟ್ಟರೆ ಹಿತ್ತಿಲಿಂದ ಧಡಕ್ ಅಂತ ಸದ್ದು, ಹಿಂದೆಯೇ "ಅಮ್ಮಾ, ನೋಡ್ದಾ?" ನೋಡಿರುವುದಿಲ್ಲ. "ನೋಡ್ದೆ ಕಣೆ, ಚೆನ್ನಾಗಿ ಹಾರ್ದೆ" ಅನ್ನುತ್ತೇನೆ. "ಸುಳ್ಳು, ಇನ್ನೂ ಹಾರೇ ಇಲ್ಲ, ಅದು ಬೆಕ್ಕು ಬಿದ್ದಿದ್ದು" ಅನ್ನುತ್ತಾಳೆ.

ನಮ್ಮ ಹೆಣ್ಣುಮಕ್ಕಳ ಶಾಲೆಯ ಆಟದ ದಿನ ಯಾವತ್ತೂ ಸೋಮವಾರವೇ. ಅಲ್ಲಿ ಇರುವುದೂ ಒಂದೇ ಆಟ, ಉದ್ದ ಜಿಗಿತ. ಓಟದಲ್ಲಿ ಯಾರು ಮುಂದೆ ಯಾರು ಹಿಂದೆ ಅಂತ ಕಣ್ಣಿಗೇ ಕಾಣಿಸಿಬಿಡುತ್ತದೆ, ಜಗಳವಾಗುತ್ತದೆ ಅಂತ ಅದನ್ನು ಎಂದೋ ಬಿಟ್ಟರು. ಜಿಗಿತದಲ್ಲಿ ಆ ತಾಪತ್ರಯ ಇಲ್ಲ. ಒಬ್ಬಳು ಹಾರಿದ ಕೂಡಲೇ ಮರಳನ್ನು ಎಳೆದು ಸಮ ಮಾಡುತ್ತಾರೆ. ಟೇಪು ಓದಿದ ದಾಕ್ಷಾಯಣಿ ಟೀಚರ್ ಕೂಗುತ್ತಾರೆ, "ಸೊನ್ನೆ ಬೊಟ್ಟು ಸೊನ್ನೆ ಸೊನ್ನೆ ಮೂರು ಕಿಲೋಮೀಟರ್!" ಚಪ್ಪಾಳೆ. ಮುಂದಿನವಳು ಹಾರುತ್ತಾಳೆ. "ಸೊನ್ನೆ ಬೊಟ್ಟು ಸೊನ್ನೆ ಸೊನ್ನೆ ಮೂರು ಕಿಲೋಮೀಟರ್!" ಮತ್ತೆ ಚಪ್ಪಾಳೆ. ಶಾಲೆಯ ಬೋರ್ಡಿನಲ್ಲಿ ಬೊಟ್ಟಿನ ಬಲಕ್ಕೆ ಅಂಕೆಯ ತಗಡು ನೇತುಹಾಕಲು ಇರುವುದು ಮೂರೇ ಮೊಳೆ. ನಾಲ್ಕನೆಯ ಅಂಕೆಗೆ ಜಾಗವಿಲ್ಲ. ಹೆಚ್ಚುಕಡಿಮೆ ಇದ್ದರೆ ಹತ್ತಿರದ ಅಂಕೆಗೆ ಸೇರಿಸಿಬಿಡುತ್ತಾರೆ. ಮಕ್ಕಳೆಲ್ಲ ಮೂರಕ್ಕೆ ಬಂದು ನಿಲ್ಲುತ್ತಾರೆ. ಎಲ್ಲರಿಗೂ ಮೊದಲ ಬಹುಮಾನ, ಎಲ್ಲರಿಗೂ ಒಂದೊಂದು ಕಡಲೆ ಮಿಠಾಯಿ. ಅಪ್ಪ ಅಮ್ಮಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಹೋಗುತ್ತಾರೆ.

ಈ ವರ್ಷ ಮಾತ್ರ ಬೇರೆಯಾಯಿತು. ಆಟದ ದಿನಕ್ಕೆ ಇನ್ನು ಕೆಲವೇ ದಿನ ಇರುವಾಗ, ಹೊರಗಿನ ದೊಡ್ಡ ಊರಿನಲ್ಲಿ ನಡೆಯುವ ಆಟಕ್ಕೆ ನಮ್ಮ ಶಾಲೆಯಿಂದ ಒಬ್ಬಳನ್ನು ಕಳಿಸಬೇಕು ಅಂತ ಕಾಗದ ಬಂತು. ಒಬ್ಬಳನ್ನೇ. ಅವತ್ತು ಸಂಜೆ ಮಗಳು ಊಟಕ್ಕೆ ಕೂತವಳು ಮುದ್ದೆ ಮುರಿಯಲೇ ಇಲ್ಲ.

"ಚೀಟಿ ಎತ್ತುತ್ತಾರಂತೆ ಅಮ್ಮ," ಅಂದಳು.

"ಎತ್ತಲಿ ಬಿಡು. ನಿನ್ನ ಹೆಸರೂ ಬರಬೋದು."

"ಇಪ್ಪತ್ತಾರು ಜನ ಇದೀವಿ." ಸ್ವಲ್ಪ ಹೊತ್ತು ಸಾರಿನಲ್ಲಿ ಬೆರಳಾಡಿಸಿದಳು. "ಎಲ್ಲಾರ್ದೂ ಒಂದೇ ಅಂದ್ರೆ, ನಾನು ಜಾಸ್ತಿ ಹಾರಿದ್ದು ಎಲ್ಲಿಗೆ ಹೋಗುತ್ತೆ?"

ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಬೊಟ್ಟಿನ ಆಚೆ ನಾಲ್ಕನೆಯ ಮತ್ತು ಐದನೆಯ ಮೊಳೆ ಇರಬೇಕಾದ ಜಾಗಕ್ಕೆ ಹೋಗುತ್ತದೆ, ಅಲ್ಲಿ ಹಲಗೆಯೇ ಇಲ್ಲದ್ದರಿಂದ ಕೆಳಗೆ ಬೀಳುತ್ತದೆ. ಊರಿಗೆಲ್ಲ ಮೊಳೆ ಹೊಡೆಯುವವಳ ಮಗಳಿಗೆ ಎರಡು ಮೊಳೆ ಇಲ್ಲ ಅಂದರೆ ಹೇಗೆ ಅನ್ನಿಸಿತು.

ಬರಿವಾರ ಬೆಳಿಗ್ಗೆ ಕೆಲಸ ಮುಗಿಸಿ ಸ್ಟೂಲನ್ನು ಸೈಕಲ್ಲಿಗೆ ಕಟ್ಟಿಕೊಂಡೇ ಶಾಲೆಗೆ ಹೋದೆ. ದಾಕ್ಷಾಯಣಿ ಟೀಚರ್ ಹಾಜರಿ ಪುಸ್ತಕ ಮುಚ್ಚಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಟೀಚರ್, ಆ ಅಂಕೆ ಹಲಗೆ ಗಿಡ್ಡ ಆಯ್ತು. ಇನ್ನೆರಡು ಮೊಳೆ ಹೊಡ್ಕೊಡ್ತೀನಿ."

"ಅದು ತಾನಾಗಿ ಗಿಡ್ಡ ಆಗಿದ್ದಲ್ಲ ಚೆನ್ನಾಜಮ್ಮ. ನಾನೇ ಕೊಯ್ಸಿದ್ದು." ಅವರು ಎದ್ದು ಬಾಗಿಲು ಹಾಕಿ ಬಂದರು. "ನಾನು ಬಂದ ಹೊಸದ್ರಲ್ಲಿ ಹಲಗೆ ಉದ್ದಕ್ಕಿತ್ತು. ಗೆದ್ದೋಳ ಅಪ್ಪ, ಸೋತೋಳ ಅಪ್ಪ ಮಾತು ಬಿಟ್ರು. ಹಾಲಿನ ಡೈರೀಲಿ ಎರಡು ಸಾಲು ಆಯ್ತು, ಗೆದ್ದೋರ ಸಾಲು, ಸೋತೋರ ಸಾಲು. ಎಮ್ಮೆಗಳನ್ನೂ ಬೇರೆ ಬೇರೆ ಕಡೆ ಕಟ್ಟಿದ್ರು ಅಂತೀನಿ! ಬಡಗಿನ ಕರೆಸ್ದೆ, ಕೊಯ್ಸಿ ಎಸ್ದೆ. ಆಮೇಲೆ ನೋಡಿ, ಎಷ್ಟು ನೆಮ್ಮದಿ."

"ನಿಮಗೆ ನೆಮ್ಮದಿ ಟೀಚರ್. ನನ್ನ ಮಗಳು ಮುದ್ದೆ ಮುಟ್ತಿಲ್ಲ."

ಅವರು ಒಂದು ಕ್ಷಣ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಶನಿವಾರ ಎಲ್ಲಾ ತಂದೆ ತಾಯಿನ ಕರೀತೀನಿ. ಅವರು ಒಪ್ಪಿದ್ರೆ ಹೊಡೀರಿ. ಬೈದ್ರೆ ಬೈಸ್ಕೊಳ್ಳಿ, ನಾನು ಅಡ್ಡ ಬರಲ್ಲ."

ಬೈದರು. ಎಲ್ಲರಿಗಿಂತ ಜೋರಾಗಿ ಬೈದವಳು ಗಿರಣಿ ನೀಲಮ್ಮ. ಅವಳು ರಾಗಿ ಬೀಸುವ ಗಿರಣಿ ನಡೆಸುತ್ತಾಳೆ, ಮೈ ಮೇಲೆ, ಹುಬ್ಬಿನ ಮೇಲೆ ಸದಾ ಹಿಟ್ಟು. ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವಳ ದನಿಯೂ ದೊಡ್ಡದು. ಅವಳ ಮಗಳು ಇಂದುಮತಿ ನನ್ನ ಮಗಳ ತರಗತಿಯವಳೇ, ಅವತ್ತು ಮಿಕ್ಕ ಮಕ್ಕಳ ಜೊತೆ ಅವಳೂ ಸಭೆಗೆ ಬಂದಿದ್ದಳು. ದುಂಡು ದುಂಡಗೆ, ಮೆತ್ತಗೆ, ಯಾರ ತಂಟೆಗೂ ಹೋಗದವಳು.

"ಲೇ ಚೆನ್ನಾಜಿ, ನಿನ್ನ ಮಗಳನ್ನ ಮೆರೆಸೋಕೆ ನಮ್ಮ ಮಕ್ಕಳನ್ನ ಸೋಲಿಸ್ಬೇಕಾ?" ನೀಲಮ್ಮ ಎದ್ದು ನಿಂತಳು. "ನನ್ನ ಮಗಳನ್ನ ನೋಡು! ನಲವತ್ತೆಂಟು ..." ಅವಳ ತುಟಿ ಅಲುಗಿತು, ಸದ್ದು ಬರಲಿಲ್ಲ. "... ಇದಾಳೆ! ಇವಳು ಎಲ್ಲಿ ಹಾರ್ತಾಳೆ?"

"ನಲವತ್ತೆಂಟು ಏನು ನೀಲಮ್ಮ?" ಹಿಂದಿನಿಂದ ಯಾರೋ ಕೇಳಿದರು. "ನಲವತ್ತೆಂಟು ಮೂಟೆನಾ?"

ನೀಲಮ್ಮ ಕಣ್ಣು ಮುಚ್ಚಿ ಬೆರಳು ಮಡಿಸುತ್ತಾ ಲೆಕ್ಕ ಹಾಕಿದಳು. ಸಭೆ ಕಾದಿತ್ತು. "ನಲವತ್ತೆಂಟು ಲಕ್ಷ ಸೆಂಟಿಗ್ರಾಂ!" ಅಂತ ಕೂಗಿದಳು.

ನಗು ಎದ್ದಿತು. ನೀಲಮ್ಮನಿಗೂ ನಗು ಬಂತು, ತಡೆದುಕೊಳ್ಳಲು ಹೋಗಿ ಕೆಮ್ಮಿದಳು, ಸೆರಗಿನಿಂದ ಹಿಟ್ಟು ಹಾರಿತು. ಇಂದುಮತಿ ಮಾತ್ರ "ಅಮ್ಮಾ!" ಅಂತ ಮುಖ ಮುಚ್ಚಿಕೊಂಡಳು. ನಗು ಇಳಿಯುತ್ತಿದ್ದ ಹಾಗೆ ನೀಲಮ್ಮ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. ಅವಳ ತಗ್ಗಿದ ದನಿಯೂ ಎಲ್ಲರಿಗೂ ಕೇಳಿಸುತ್ತದೆ. "ಈಗ ನಕ್ಕರಲ್ಲ, ಸೋಮವಾರವೂ ಹಿಂಗೇ ನಗ್ತಾರೆ. ನನ್ನ ಮಗಳು ಕಡೆಯೋಳು ಅಂತ ಹಲಗೆ ಮೇಲೆ ನೇತಾಕ್ತೀಯ. ನಿನಗೂ ಮಗಳಿದಾಳೆ, ಯೋಚ್ನೆ ಮಾಡು."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಮಗಳ ಮುದ್ದೆ ನೋಡಿದ್ದೆ, ಅವಳ ಮಗಳ ತಟ್ಟೆ ನೋಡಿರಲಿಲ್ಲ. ಹೋಗಲಿ ಬಿಡಿ, ಚೀಟಿಯೇ ಇರಲಿ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇಂದುಮತಿ ಮುಖದಿಂದ ಒಂದು ಕೈ ತೆಗೆದು ಮೇಲೆತ್ತಿದಳು.

"ಟೀಚರ್, ನಂಗೂ ನೋಡ್ಬೇಕು," ಅಂದಳು. "ನಾನು ಎಷ್ಟು ಹಾರ್ತೀನಿ ಅಂತ. ಮೂರು ಮೂರು ಅಂತ ಕೇಳಿ ಕೇಳಿ ಬೇಜಾರಾಗಿದೆ."

ಅವಳ ಹಿಂದೆ ಇನ್ನೊಂದು ಕೈ ಎದ್ದಿತು. ಮತ್ತೊಂದು. ಶಿವಲೀಲೆ ಎರಡೂ ಕೈ ಎತ್ತಿದ್ದಳು, ಟೀಚರ್ ಒಂದನ್ನು ಇಳಿಸಿದರು. ಇಪ್ಪತ್ತಾರು ಕೈ. ಅಪ್ಪ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಕ್ಕಳ ಕಡೆ ನೋಡಿದರು. ಇಷ್ಟು ವರ್ಷ ಮಕ್ಕಳಿಗಾಗಿ ಅಂತ ಹಲಗೆ ಗಿಡ್ಡ ಇಟ್ಟುಕೊಂಡಿದ್ದೆವು, ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಹಲಗೆಗೆ ಒಂದು ತುಂಡು ಜೋಡಿಸಿ ಎರಡು ಮೊಳೆ ಹೊಡೆದೆ. ಸೋಮವಾರ ನಸುಕಿನಲ್ಲಿ ನೂರ ಹನ್ನೆರಡು ಬೊಟ್ಟುಗಳನ್ನು ಆರಾರು ಮೊಳೆ ಹಿಂದಕ್ಕೆ ಸರಿಸಿ, ಸೊಂಟಕ್ಕೆ ಸೆರಗು ಬಿಗಿದು, ಶಾಲೆಯ ಬಯಲಿಗೆ ಬಂದು ಸ್ಟೂಲಿನ ಮೇಲೆ ನಿಂತೆ. ಅಂಕೆ ನೇತುಹಾಕುವ ಕೆಲಸ ನನ್ನದೇ. ಮಡಿಲಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ತಗಡುಗಳು.

ಮೊದಲ ಹುಡುಗಿ ಹಾರಿದಳು. ಟೀಚರ್ ಟೇಪಿನ ಮೇಲೆ ಬಾಗಿ ಓದಿದರು, "ಸೊನ್ನೆ ಬೊಟ್ಟು ಸೊನ್ನೆ ಸೊನ್ನೆ ಎರಡು ಒಂಬತ್ತು ನಾಲ್ಕು!" ಚಪ್ಪಾಳೆ ಹೊಡೆಯಬೇಕೋ ಬೇಡವೋ ಅಂತ ಜನಕ್ಕೆ ತಿಳಿಯಲಿಲ್ಲ. ಹುಡುಗಿ ಹಲಗೆ ಹತ್ತಿರ ಓಡಿಬಂದು, ತನ್ನ ಅಂಕೆಯನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು, "ಇದು ನಂದೇನಾ ಆಂಟಿ? ನಂದೊಬ್ಬಳದೇನಾ?" ಅಂತ ಕೇಳಿದಳು. ಹೌದು ಅಂದೆ. ಕುಣಿದುಕೊಂಡು ಹೋದಳು. ಆಮೇಲೆ ಚಪ್ಪಾಳೆ ಬಂತು. ಒಬ್ಬೊಬ್ಬರೂ ಹಾರಿ ತಮ್ಮ ತಮ್ಮ ಅಂಕೆ ನೋಡಿಕೊಂಡು ಹೋದರು. ಕಡಿಮೆ ಹಾರಿದವರೂ ನೋಡಿಕೊಂಡು ಹೋದರು. ನೀಲಮ್ಮ ಮಾತ್ರ ಇಂದುಮತಿಯ ಲಂಗದ ತುದಿ ಹಿಡಿದುಕೊಂಡು, "ಆಮೇಲೆ ಹೋಗು, ಆಮೇಲೆ ಹೋಗು" ಅಂತ ಅವಳನ್ನು ಸಾಲಿನ ಕೊನೆಗೆ ತಳ್ಳುತ್ತಿದ್ದಳು.

ಶಿವಲೀಲೆ ಇಪ್ಪತ್ತೈದನೆಯವಳು. ಅವಳು ಓಡಿ ಬರುವುದನ್ನು ಆವತ್ತು ನಿಜವಾಗಿಯೂ ನೋಡಿದೆ. ಗೆರೆಯ ಹತ್ತಿರ ನೆಲ ಒದ್ದು ಎದ್ದವಳು ಕಾಲು ಮಡಿಸಿ ಒಂದು ಉಸಿರಿನ ಹೊತ್ತು ಗಾಳಿಯಲ್ಲಿ ಕೂತ ಹಾಗಿದ್ದಳು. "ಸೊನ್ನೆ ಬೊಟ್ಟು ಸೊನ್ನೆ ಸೊನ್ನೆ ಮೂರು ಎರಡು ಒಂದು!" ಅಲ್ಲಿಯವರೆಗೆ ಯಾರೂ ಮೂರು ಎರಡು ಮುಟ್ಟಿರಲಿಲ್ಲ. ಒಂದರ ತಗಡು ನನ್ನ ಕೈಯಿಂದ ಜಾರಿ ಕೆಳಗೆ ಬಿತ್ತು, ಇಳಿದು ಎತ್ತಿಕೊಂಡೆ. ನನ್ನ ಮಗಳು ಹಲಗೆಯ ಕೆಳಗೆ ಬಂದು ನಿಂತು ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು.

"ಇನ್ನೊಬ್ಬಳಿದಾಳೆ," ಅಂದರು ಟೀಚರ್.

ನೀಲಮ್ಮ ಲಂಗ ಬಿಡಲಿಲ್ಲ. ಇಂದುಮತಿಯೇ ಬಿಡಿಸಿಕೊಂಡಳು. ಅವಳು ಓಡಿದ್ದು ಓಟದ ಹಾಗೇ ಇರಲಿಲ್ಲ, ಏನೋ ಮರೆತು ಒಳಗೆ ಹೋಗುವವಳ ಹಾಗೆ ನಾಲ್ಕು ಹೆಜ್ಜೆ ದುಡುದುಡು ಬಂದಳು. ಎದ್ದಳು. ಮರಳಿನಲ್ಲಿ ದೊಡ್ಡ ಗುಂಡಿ ಮಾಡಿಕೊಂಡು ಬಿದ್ದಳು. ಟೀಚರ್ ಟೇಪು ಇಟ್ಟರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಇಟ್ಟು ನೋಡಿದರು.

"ಸೊನ್ನೆ ಬೊಟ್ಟು ಸೊನ್ನೆ ಸೊನ್ನೆ ಮೂರು ಎರಡು..." ನನ್ನ ಕಡೆ ತಿರುಗಿದರು. ದನಿ ಸಣ್ಣದಾಯಿತು. "ಮೂರು."

ನಾಲ್ಕು ತಗಡುಗಳು ಅಲ್ಲೇ ನೇತಾಡುತ್ತಿದ್ದವು. ಕೊನೆಯ ಮೊಳೆಯ ಒಂದನ್ನು ತೆಗೆದು ಮೂರನ್ನು ಹಾಕಬೇಕು, ಅಷ್ಟೇ ಕೆಲಸ. ಹನ್ನೊಂದು ವರ್ಷದಲ್ಲಿ ಎಷ್ಟು ಲಕ್ಷ ಸಲ ಮೊಳೆಯಿಂದ ಬೊಟ್ಟು ತೆಗೆದು ಮೊಳೆಗೆ ಹಾಕಿದ್ದೇನೋ. ಮೂರರ ತಗಡನ್ನು ಹಿಡಿದುಕೊಂಡು ನಿಂತೆ. ಈ ಮೊಳೆ ಇಲ್ಲದಿದ್ದರೆ ಇಬ್ಬರೂ ಒಂದೇ ಆಗಿರುತ್ತಿದ್ದರು. ಚೀಟಿಯಲ್ಲಿ ನನ್ನ ಮಗಳ ಹೆಸರು ಬಂದರೂ ಬರುತ್ತಿತ್ತು. ಮೊಳೆ ಹೊಡೆದವಳು ನಾನೇ. ಕೆಳಗಿನಿಂದ ಶಿವಲೀಲೆ ನೆರಿಗೆ ಜಗ್ಗಿದಳು. "ಅಮ್ಮಾ, ಹಾಕು. ಎಲ್ಲಾರೂ ನೋಡ್ತಿದಾರೆ."

ಹಾಕಿದೆ.

ನೀಲಮ್ಮ ಕಿರುಚಿದಳು. ಅದು ಖುಷಿಯೋ ಗಾಬರಿಯೋ ಅವಳಿಗೇ ಗೊತ್ತಿರಲಿಲ್ಲ. ಶಿವಲೀಲೆ ಮರಳಿನ ಗುಂಡಿಗೆ ಇಳಿದು ಇಂದುಮತಿಯ ಕೈ ಹಿಡಿದು ಎಬ್ಬಿಸಿದಳು. "ಹೆಂಗೆ ಹಾರ್ದೆ ಕಣೆ?" ಅಂತ ಕೇಳಿದಳು, ತುಸು ಸಿಟ್ಟಿನಿಂದಲೇ. ಇಂದುಮತಿ ಲಂಗದ ಮರಳು ಕೊಡವುತ್ತಾ ಹೇಳಿದಳು, "ನಮ್ಮನೇಲಿ ಗಿರಣಿ ಮುಂದೆ, ಅಡುಗೆಮನೆ ಹಿಂದೆ. ಮಧ್ಯ ಪೂರ್ತಿ ಮೂಟೆ. ಅಮ್ಮ ಊಟಕ್ಕೆ ಕರೆದ್ರೆ ದಾಟ್ಕೊಂಡೇ ಹೋಗ್ಬೇಕಲ್ಲ."

ನಮ್ಮ ಊರಿನಲ್ಲಿ ಸೋತವರ ಜೊತೆ ಹೇಗಿರಬೇಕು ಅಂತ ಎಲ್ಲರೂ ಮರೆತಿದ್ದರು. ಗೆದ್ದವಳನ್ನು ಬಿಟ್ಟು ಜನ ನನ್ನ ಮಗಳನ್ನು ನೋಡಲು ಬಂದರು. ಒಬ್ಬರು ಮಜ್ಜಿಗೆ ತಂದರು, ಒಬ್ಬರು ಹಣೆ ಮುಟ್ಟಿ ಜ್ವರ ನೋಡಿದರು. ಟೈಲರು ಬಂದು ಲಂಗ ಹೊಲಿದುಕೊಡುತ್ತೇನೆ ಅಂದ, ಶನಿವಾರದವರೆಗೆ ತಡೆದುಕೋ ಅಂದ. ಶಿವಲೀಲೆ ಗೋಡೆಗೆ ಒರಗಿ ಕೂತು ಎಲ್ಲರ ಮಜ್ಜಿಗೆಯನ್ನೂ ಕುಡಿದಳು. ಎಲ್ಲರೂ ಹೋದ ಮೇಲೆ ನನ್ನ ತೊಡೆಯ ಮೇಲೆ ಮುಖ ಇಟ್ಟು ಅತ್ತಳು. ನಾನು ಅವಳ ಜಡೆ ಬಿಚ್ಚಿ ಮತ್ತೆ ಹಾಕಿದೆ. ಅಳು ನಿಂತ ಮೇಲೆ ಕೇಳಿದಳು, "ಎಷ್ಟರಲ್ಲಿ ಸೋತೆ ಅಮ್ಮ?"

"ಸೊನ್ನೆ ಬೊಟ್ಟು ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಎರಡು ಕಿಲೋಮೀಟರ್," ಅಂದೆ.

"ಅಂದ್ರೆ ಏನೂ ಅಲ್ವಲ್ಲ," ಅಂದಳು. "ಏನೂ ಅಲ್ಲದ್ರಲ್ಲಿ ಸೋತ್ನಲ್ಲಾ!" ಮತ್ತೆ ಅಳು.

ಮಂಗಳವಾರ ನೀಲಮ್ಮ ಬಂದಳು. ಹತ್ತು ಹೆಕ್ಟೋಗ್ರಾಂ ಹುರಿಹಿಟ್ಟು ಡಬ್ಬಿಯಲ್ಲಿ ತಂದಿದ್ದಳು. ಬಾಗಿಲಲ್ಲೇ ನಿಂತು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು.

"ಬೈದೆ ಅಂತ ಮನಸಲ್ಲಿ ಇಟ್ಕೋಬೇಡ ಚೆನ್ನಾಜಿ."

"ಇಟ್ಕೊಂಡಿಲ್ಲ, ಒಳಗೆ ಬಾ."

"ನಿನ್ನ ಮಗಳನ್ನೇ ಕಳ್ಸಿಬಿಡು ಆ ಆಟಕ್ಕೆ. ಇಂದುಗೆ ಬಸ್ಸಲ್ಲಿ ವಾಂತಿ ಆಗುತ್ತೆ."

ಒಳಗಿನಿಂದ ಶಿವಲೀಲೆ ಉತ್ತರ ಕೊಟ್ಟಳು. "ನಿಂಬೆಹಣ್ಣು ಕೊಟ್ಟು ಕಳ್ಸಿ ಆಂಟಿ. ಅವಳೇ ಹೋಗ್ಲಿ. ನಾನು ಹೋದ್ರೆ ಅವಳ ಅಂಕೆ ಮೇಲೆ ಹೋದಂಗೆ ಆಗುತ್ತೆ."

ನೀಲಮ್ಮ ನನ್ನ ಮುಖ ನೋಡಿದಳು. ನಾನು ಡಬ್ಬಿ ಇಸಿದುಕೊಂಡೆ. ಹುರಿಹಿಟ್ಟಿಗೆ ಬೆಲ್ಲ, ಹಾಲು ಕಲಸಿ ಮೂರು ಬಟ್ಟಲಿಗೆ ಹಾಕಿದೆ. ಸುಮ್ಮನೆ ಕೂತು ತಿಂದೆವು. ನೀಲಮ್ಮ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ದಿನಾ ಬೆಳಿಗ್ಗೆ ನಾನು ಸೈಕಲ್ ಇಳಿಯುವುದೇ ತಡ, ಮಗಳು ಕೇಳತೊಡಗಿದಳು, "ಇವತ್ತು ಎಷ್ಟು?" ಬುಧವಾರ ಸೊನ್ನೆ ಬೊಟ್ಟು ಸೊನ್ನೆ ಸೊನ್ನೆ ಎರಡು ಡೆಕಾಮೀಟರ್. ಬರಿವಾರ ಒಂದು ಸೊನ್ನೆ ಕಳಚಿತು. ಶುಕ್ರವಾರ ಇನ್ನೊಂದು. ಬೋರ್ಡುಗಳಲ್ಲಿ ಬೊಟ್ಟು ಮೊಳೆ ದಾಟಿದ ಹಾಗೆ ಅವಳ ಸೋಲೂ ಮೊಳೆ ದಾಟಿ ದಾಟಿ ಬಂತು. ನನಗೆ ಹೆದರಿಕೆ, ಇದು ಹೀಗೆ ದಿನಾ ದೊಡ್ಡದಾಗುತ್ತಾ ಹೋದರೆ ಮಗು ಕೊರಗುತ್ತದೆ ಅಂತ. ಶನಿವಾರ ಹೆದರಿಕೊಂಡೇ ಹೇಳಿದೆ, "ಎರಡು ಸೆಂಟಿಮೀಟರ್ ಕಣೆ."

ಅವಳು ಎರಡು ಬೆರಳು ಎತ್ತಿ, ನಡುವಿನ ಸಂದು ಅಗಲ ಮಾಡಿ, ಕಿರಿದು ಮಾಡಿ, ಕಣ್ಣಿನ ಹತ್ತಿರ ಹಿಡಿದು ಅದರೊಳಗಿಂದ ನನ್ನನ್ನು ನೋಡಿದಳು. "ಇಷ್ಟು," ಅಂದಳು. "ಇದು ಕಣ್ಣಿಗೆ ಕಾಣುತ್ತೆ." ಅಳಲಿಲ್ಲ.

ಭಾನುವಾರ ನಾನು ಕೆಲಸ ಮುಗಿಸಿ ಬಂದಾಗ ಅವಳು ಹೊಸಿಲಿನ ಮೇಲೆ ಕೂತಿದ್ದಳು. ನಾನು ಹೇಳುವ ಮೊದಲೇ ಹೇಳಿದಳು, "ಇಪ್ಪತ್ತು ಮಿಲಿಮೀಟರ್. ಲೆಕ್ಕ ಹಾಕಿದೀನಿ. ದಿನಕ್ಕೆ ಒಂದೇ ಒಂದು ಜಾಸ್ತಿ ಹಾರಿದ್ರೆ ಸಾಕು ಅಮ್ಮ, ಇಪ್ಪತ್ತೇ ದಿನ. ಒಂದು ಮಿಲಿಮೀಟರ್ ಅಂದ್ರೆ ಎಷ್ಟು ಹೇಳು? ಒಂದು ರಾಗಿ ಕಾಳು! ದಿನಾ ಒಂದು ರಾಗಿ ಕಾಳು ದಾಟಕ್ಕಾಗಲ್ವಾ ನಂಗೆ?"

ಸ್ಟೂಲನ್ನು ಸೈಕಲ್ಲಿನಿಂದ ಬಿಚ್ಚಿ, ಅವಳ ಪಕ್ಕದಲ್ಲಿ ಹಾಕಿ ಕೂತೆ. ಸೊಂಟ ಹಾಗೇ ಹಿಡಿದುಕೊಂಡಿತ್ತು. "ಇಂದು ಏನು ಸುಮ್ನೆ ಕೂತಿರ್ತಾಳಾ?" ಅಂದೆ. "ಅವಳೂ ದಿನಕ್ಕೊಂದು ಕಾಳು ದಾಟಿದ್ರೆ?"

ಅವಳು ಇದನ್ನು ಯೋಚಿಸಿರಲಿಲ್ಲ. ಮುಖ ಸ್ವಲ್ಪ ಬಾಡಿತು. ಕೆಳತುಟಿ ಕಚ್ಚಿಕೊಂಡು ಬೀದಿಯ ಆಚೆ, ಗಿರಣಿಯ ಹೊಗೆ ಏಳುವ ಕಡೆ ನೋಡಿದಳು. ಆಮೇಲೆ ಎದ್ದು ನಿಂತು ಲಂಗ ಎತ್ತಿ ಕಟ್ಟಿದಳು.

"ಅವಳು ಒಂದು ದಾಟ್ಲಿ," ಅಂದಳು. "ನಾನು ಎರಡು ದಾಟ್ತೀನಿ. ಏಳು ಅಮ್ಮ, ಈ ಸಲ ನಿಜವಾಗ್ಲೂ ನೋಡ್ಬೇಕು." ಮತ್ತೆ ಹಿತ್ತಿಲಿಗೆ ಓಡಿದಳು.